ನಮ್ಮ ಹೊರಕೋಣೆಯ ಸೂಜಿ ಮೇಷ್ಟ್ರು

ಅವರ ಮೈಮೇಲೆ ಗುಂಡುಸೂಜಿಯಷ್ಟು ಕಬ್ಬಿಣವೂ ಇರುತ್ತಿರಲಿಲ್ಲ. ಅಂಗಿಗೆ ತೆಂಗಿನ ಚಿಪ್ಪು ಉಜ್ಜಿ ಮಾಡಿದ ಗುಂಡಿ. ಕಾಲಲ್ಲಿ ಒಂದು ಮೊಳೆಯನ್ನೂ ಹೊಡೆಯದೆ ತೊಗಲಿನ ದಾರದಲ್ಲೇ ಹೊಲಿದ ಮೆಟ್ಟು. ಕನ್ನಡಕದ ಕಡ್ಡಿ ಹಿತ್ತಾಳೆಯದು. ಅದು ಬೆವರಿಗೆ ಕಿಲುಬು ಹಿಡಿದು ಎರಡೂ ಕಿವಿಯ ಹಿಂದೆ ಹಸಿರು ಗೆರೆ ಬಿದ್ದಿತ್ತು. ಸ್ನಾನ ಮಾಡಿ ಬಂದರೂ ಆ ಗೆರೆ ಹೋಗುತ್ತಿರಲಿಲ್ಲ. ಕೊಡೆಯ ಕಡ್ಡಿ ಕಬ್ಬಿಣದ್ದು ಅಂತ ಚೈತ್ರದ ಬಿಸಿಲಲ್ಲೂ ಕೊಡೆ ಹಿಡಿಯದೆ, ತಲೆಗೆ ಒದ್ದೆ ಪಾವಡ ಸುತ್ತಿಕೊಂಡು ನಡೆಯುತ್ತಿದ್ದರು. ಮೊದಲ ದಿನ ನಮ್ಮ ಜಗಲಿಯ ಮುಂದೆ ಅವರು ಹಾಗೆ ನಿಂತಿದ್ದನ್ನು ನೋಡಿ ನಮ್ಮವ್ವ, ಯಾರೋ ಹರಕೆ ಹೊತ್ತವರು ಭಿಕ್ಷಕ್ಕೆ ಬಂದಿದ್ದಾರೆ ಅಂದುಕೊಂಡು ಮೊರದಲ್ಲಿ ರಾಗಿ ತಂದಳು.

ಭಿಕ್ಷಕ್ಕಲ್ಲ, ಬಾಡಿಗೆ ಕೋಣೆಗೆ ಬಂದಿದ್ದರು. ಹೊಳೆನರಸೀಪುರದಲ್ಲಿ ಹೇಮಾವತಿಯ ಕಡೆಗೆ ಇಳಿಯುವ ಕೊನೆಯ ಬೀದಿಯಲ್ಲಿ ನಮ್ಮ ಮನೆ. ಹೊಳೆ ದಂಡೆಯಲ್ಲಿ ಅಪ್ಪನಿಗೆ ಒಂದಿಷ್ಟು ಗದ್ದೆ, ಆಚೆ ಒಂದು ಹೊಲ. ಜಗಲಿಯ ಪಕ್ಕದಲ್ಲಿ ಬಿತ್ತನೆ ಬೀಜ ಇಡುವ ಕೋಣೆ ಒಂದಿತ್ತು. ಅದನ್ನು ತೆರವು ಮಾಡಿ ಅವರಿಗೆ ಕೊಟ್ಟೆವು. ಯುದ್ಧ ಶುರುವಾಗಿ ಒಂದು ವರ್ಷ ಆಗಿತ್ತು. ಹಾಸನದ ಸಾಹುಕಾರರೊಬ್ಬರು ನಮ್ಮೂರಿಂದ ನಾಲ್ಕು ಮೈಲಿ ಆಚೆ, ಚನ್ನರಾಯಪಟ್ಟಣದ ದಿಕ್ಕಿನ ಕುರುಚಲು ಗುಡ್ಡವೊಂದನ್ನು ಗುತ್ತಿಗೆ ಹಿಡಿದಿದ್ದರು. ಅಲ್ಲಿ ನೆಲದೊಳಗೆ ಕಪ್ಪು ಅದಿರು ಇದೆ, ಯುದ್ಧಕ್ಕೆ ಬೇಕಾಗಿದೆ ಅಂತ ಸುದ್ದಿ. ಅದು ಎಲ್ಲಿದೆ, ಎಷ್ಟು ಕೆಳಗಿದೆ ಅಂತ ಸೂಜಿಯಿಟ್ಟು ಹೇಳುವುದು ಇವರ ಕೆಲಸ. ಅರಕಲಗೂಡಿನವರು. ಮೈಸೂರಿನ ಕಾಲೇಜೊಂದರಲ್ಲಿ ಹನ್ನೆರಡು ವರ್ಷ, ಪಾಠ ಮಾಡುವವರ ಹಿಂದೆ ನಿಂತು ಪ್ರಯೋಗದ ಸಾಮಾನು ಜೋಡಿಸಿಕೊಟ್ಟವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅರಕಲಗೂಡಿನಲ್ಲಿ ಒಬ್ಬ ಅಕ್ಕ ಇದ್ದರು. ನಮ್ಮ ಬೀದಿಯವರು ಒಂದು ವಾರದೊಳಗೆ ಅವರಿಗೆ ಸೂಜಿ ಮೇಷ್ಟ್ರು ಅಂತ ಹೆಸರಿಟ್ಟರು.

ನನಗಾಗ ಹತ್ತೊಂಬತ್ತು. ಚಿಕ್ಕಂದಿನ ಜ್ವರದಲ್ಲಿ ನನ್ನ ಎಡಗಾಲು ಸೊರಗಿಹೋಗಿತ್ತು. ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ನಾನು ಎದ್ದು ನಡೆದದ್ದನ್ನು ನೋಡಿ, ತಿಳಿಸುತ್ತೇವೆ ಅಂತ ಹೇಳಿ ಹೋಗುತ್ತಿದ್ದರು. ಆದರೂ ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ. ಅದಕ್ಕೆ ನನ್ನ ಅಣ್ಣ ಕಾರಣ. ನನಗಿಂತ ಐದು ವರ್ಷ ದೊಡ್ಡವನು. ಗದ್ದೆ ಕೆಲಸ ಬಿಟ್ಟು ದಿನಾ ಬೆಳಿಗ್ಗೆ ಗಾಡಿ ಕಟ್ಟಿ ನನ್ನನ್ನು ಶಾಲೆಗೆ ಬಿಟ್ಟು ಬರುತ್ತಿದ್ದ. ಅಪ್ಪ ಬೈದರೆ, "ಎತ್ತಿಗೂ ಅಡ್ಡಾಡಿದಂಗಾಯ್ತದೆ ಬುಡಪ್ಪ" ಅನ್ನುತ್ತಿದ್ದ.

ನನ್ನ ಅಕ್ಷರ ದುಂಡಗೆ, ಅಂಕಿ ಒಂದರ ಕೆಳಗೊಂದು ಸರಿಯಾಗಿ ಕೂರುತ್ತಿದ್ದವು. ಬಾಗಿಲಲ್ಲಿ ಒಣಹಾಕಿದ್ದ ಹಪ್ಪಳದ ಲೆಕ್ಕವನ್ನು ನಾನು ಗೋಡೆ ಮೇಲೆ ಇದ್ದಲಲ್ಲಿ ಬರೆದಿದ್ದನ್ನು ನೋಡಿ ಮೇಷ್ಟ್ರು ಅಪ್ಪನ ಹತ್ತಿರ ಹೋದರು.

"ಗೌಡರೇ, ನಿಮ್ಮ ಮಗಳು ನನಗೆ ನಕ್ಷೆ ಬರೆದುಕೊಟ್ಟರೆ ದೊಡ್ಡ ಉಪಕಾರ. ಬಾಗಿಲು ತೆಗೆದೇ ಇರುತ್ತೆ. ಅಮ್ಮನವರು ಅಲ್ಲೇ ಕೂತಿರಲಿ."

ಅಪ್ಪ, "ಬರೀಲಿ. ಸುಮ್ನೆ ಕೂತು ಕೊರಗೋದ್ಕಿಂತ ವಾಸಿ" ಅಂದ.

ಹಾಗೆ ಶುರುವಾಯಿತು ನನ್ನ ಕೆಲಸ. ಮೇಷ್ಟ್ರು ಬೆಳಿಗ್ಗೆ ಗುಡ್ಡಕ್ಕೆ ಹೋಗುತ್ತಿದ್ದರು. ಅವರ ಕೈಯಲ್ಲಿ ಗಾಜಿನ ಮುಚ್ಚಳದ ಒಂದು ಹಿತ್ತಾಳೆ ಪೆಟ್ಟಿಗೆ. ಅದರೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಸೂಜಿ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಸೂಜಿ ಎಷ್ಟು ಬಾಗಿತು ಅಂತ ಬರೆದುಕೊಳ್ಳುವುದು, ಮತ್ತೆ ಇಪ್ಪತ್ತು ಹೆಜ್ಜೆ. ಗುಡ್ಡದ ಉದ್ದಕ್ಕೂ ಅಡ್ಡಕ್ಕೂ ಹೀಗೆ ನಡೆದು ಸಂಜೆ ಬಂದು ಅಂಕಿಗಳನ್ನು ಓದುತ್ತಿದ್ದರು. ನಾನು ಚೌಕದ ಹಾಳೆಯ ಮೇಲೆ ಅವನ್ನು ಕೂರಿಸಿ, ಸಮನಾದ ಅಂಕಿಗಳನ್ನು ಗೆರೆಯಲ್ಲಿ ಸೇರಿಸುತ್ತಿದ್ದೆ. ಹಾಳೆಯ ಮೇಲೆ ನಾನು ಒಮ್ಮೆಯೂ ಕಾಣದ ಒಂದು ಗುಡ್ಡ ನಿಧಾನವಾಗಿ ಎದ್ದು ಕೂರುತ್ತಿತ್ತು.

ಕಲ್ಲಿನ ಚೂರುಗಳನ್ನೂ ತರುತ್ತಿದ್ದರು. ಅವುಗಳನ್ನು ಅಳೆಯುವ ಯಂತ್ರವನ್ನು ಅವರೇ ಮಾಡಿಕೊಂಡಿದ್ದರು. ಅಗಲ ಬಾಯಿಯ ಗಾಜಿನ ಭರಣಿ, ಅದರೊಳಗೆ ರೇಷ್ಮೆಯ ಒಂದೆಳೆ, ಎಳೆಯ ತುದಿಗೆ ಹುಲ್ಲುಕಡ್ಡಿ, ಕಡ್ಡಿಗೆ ಒಂದರ ಮೇಲೊಂದು ಎದುರುಬದುರಾಗಿ ಕಾಂತ ಹಿಡಿಸಿದ ಎರಡು ಹೊಲಿಗೆ ಸೂಜಿ, ನಡುವೆ ಬೆರಳುಗುರಿನಷ್ಟು ಕನ್ನಡಿ ಚೂರು. ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ ಬುಡ್ಡಿ ಹಚ್ಚಿದರೆ ಕನ್ನಡಿಯಿಂದ ಗೋಡೆಗೆ ಒಂದು ಬೆಳಕಿನ ಬೊಟ್ಟು ಬೀಳುತ್ತಿತ್ತು. ಗೋಡೆಗೆ ಗೆರೆ ಹಾಕಿದ ಕಾಗದ ಅಂಟಿಸಿದ್ದೆವು. ಕಲ್ಲನ್ನು ಭರಣಿಯ ಹತ್ತಿರ ತಂದರೆ ಬೊಟ್ಟು ಸರಿಯುತ್ತಿತ್ತು. ಎಷ್ಟು ಗೆರೆ ಸರಿಯಿತು ಅಂತ ನಾನು ಬರೆದುಕೊಳ್ಳಬೇಕು. ಒಂದೊಂದು ಕಲ್ಲಿಗೂ ಆರು ಮುಖ, ಆರು ಸಲ.

"ನೋಡು ಅಮ್ಮಣ್ಣಿ, ಕಲ್ಲು ಹೇಗೆ ತಿರುಗಿಸಿದರೂ ಬೆಳಕು ಒಂದೇ ಕಡೆ ಸರಿದರೆ ಅದರಲ್ಲಿ ಕಬ್ಬಿಣದ ಅಂಶ ಇದೆ, ಅಷ್ಟೆ. ಕಲ್ಲು ತಿರುಗಿಸಿದಾಗ ಬೆಳಕೂ ಈ ಕಡೆಯಿಂದ ಆ ಕಡೆಗೆ ಹೋದರೆ ಕಲ್ಲು ತಾನೇ ಕಾಂತ ಆಗಿದೆ ಅಂತ. ಯಾವಾಗ ಆಯ್ತು, ಯಾಕೆ ಆಯ್ತು, ಅದನ್ನ ನಾವು ಹುಡುಕಬೇಕು."

ಬೆಂಕಿಯಂತಿದ್ದ ಕಲ್ಲು ಆರುವಾಗ ಅದರೊಳಗಿನ ಕಪ್ಪು ಕಣಗಳು ಅಂದಿನ ಉತ್ತರ ದಕ್ಷಿಣಕ್ಕೆ ಹೊಂದಿಕೊಂಡು ನಿಂತುಬಿಡುತ್ತವೆ, ಆಮೇಲೆ ಯಾರು ಎತ್ತಿ ಎಲ್ಲಿಗೆ ಒಯ್ದರೂ ಬಿಡುವುದಿಲ್ಲ ಅಂತ ಅವರು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅಂಗಳದ ಒರಳುಕಲ್ಲನ್ನು ಮುಟ್ಟಿ ಮುಟ್ಟಿ ನೋಡಿದೆ.

ಅವ್ವನಿಗೆ ಇದೆಲ್ಲ ತಮಾಷೆ. ಅಡುಗೆಮನೆಯಲ್ಲಿ ಅವಳು ಈಳಿಗೆಮಣೆ ಎತ್ತಿದರೆ ಗೋಡೆಯ ಮೇಲಿನ ಬೊಟ್ಟು ನಡುಗುತ್ತಿತ್ತು. ಬೀದಿಯಲ್ಲಿ ಕಬ್ಬಿಣದ ಪಟ್ಟಿಯ ಗಾಡಿ ಹೋದರೆ ಇನ್ನೂ ದೂರ ಓಡುತ್ತಿತ್ತು. ಮೇಷ್ಟ್ರು ಬಾಗಿಲಿಗೆ ಬಂದು ಕೈಮುಗಿಯುವರು.

"ಅಮ್ಮಾ, ಇನ್ನೊಂದು ಹತ್ತು ನಿಮಿಷ ಈಳಿಗೆ ಮುಟ್ಟಬೇಡಿ."

"ಅಲ್ಲ ಮೇಷ್ಟ್ರೇ, ನಮ್ಮನೇಲಿ ಉಪ್ಸಾರು ಮಾಡಾಕೂ ನಿಮ್ ಸೂಜಿ ಅಪ್ಪಣೆ ಬೇಕಾ?"

ಅವ್ವ ಬೈಯುತ್ತಲೇ ಈಳಿಗೆಯನ್ನು ಹಿತ್ತಲಿಗೆ ಒಯ್ದು ಅಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ರಾತ್ರಿ ಅವರ ಮುದ್ದೆಗೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಹಾಕುತ್ತಿದ್ದಳು. ಮೇಷ್ಟ್ರು ನನ್ನ ತಲೆಯ ಕಡೆ ಬೆರಳು ತೋರಿಸಿ, "ಹೇರ್‌ಪಿನ್ನು" ಅಂದರೆ ನಾನು ತೆಗೆದು ಹೊರಗಿಟ್ಟು ಬರಬೇಕು. ನಾನು ಮರೆತು ಬಳೆಗೆ ಪಿನ್ನು ಸಿಕ್ಕಿಸಿಕೊಂಡು ಕೂತ ಒಂದು ದಿನ ಹದಿನೆಂಟು ಕಲ್ಲಿನ ಲೆಕ್ಕ ಹಾಳಾಯಿತು. ಅವರು ಗದರಲಿಲ್ಲ. "ಇನ್ನೊಂದ್ಸಲ ನೋಡೋಣ" ಅಂದರು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಅದು. ಅಂಕಿ ಸರಿ ಬಂದರೂ ಇನ್ನೊಂದ್ಸಲ, ತಪ್ಪು ಬಂದರೂ ಇನ್ನೊಂದ್ಸಲ.

ಹಾಸನದಲ್ಲಿ ಮೇಷ್ಟರಮ್ಮಂದಿರ ಟ್ರೈನಿಂಗಿಗೆ ಅರ್ಜಿ ಕರೆದಿದ್ದಾರೆ ಅಂತ ಪೇಪರಿನಲ್ಲಿ ನೋಡಿ, ಅರ್ಜಿ ತರಿಸಿ, ತುಂಬಿಸಿ, ಅಪ್ಪನ ಹೆಬ್ಬೆಟ್ಟು ಒತ್ತಿಸಿ ಕಳಿಸಿದವರೂ ಅವರೇ. "ಕಾಲಿನ ವಿಚಾರ ಕೇಳಿಲ್ಲ, ಹಾಗಾಗಿ ಬರೆದಿಲ್ಲ" ಅಂದರು.

ಅಣ್ಣನಿಗೂ ಅಪ್ಪನಿಗೂ ಹೊಲದಲ್ಲಿ ದಿನಾ ಜಗಳ. ಒಂದು ಸಂಜೆ ಅವ್ವನೇ ಮೇಷ್ಟ್ರನ್ನು ಕೇಳಿದಳು.

"ನಮ್ ಉಡ್ಗುನ್ಗೂ ಆ ಗುಡ್ಡದಲ್ಲಿ ಒಂದ್ ಕೆಲ್ಸ ಕೊಡ್ಸಿ ಮೇಷ್ಟ್ರೇ. ಅಪ್ಪ ಮಗ ಒಂದೇ ಒಲ್ದಲ್ಲಿದ್ರೆ ಒಂದಿನ ಗುದ್ಲಿ ತಕತಾರೆ."

ಮೇಷ್ಟ್ರು ಸಾಹುಕಾರರಿಗೆ ಹೇಳಿ ಅಣ್ಣನನ್ನು ತೋಡುವ ಆಳುಗಳ ಮೇಸ್ತ್ರಿ ಮಾಡಿಸಿದರು. ಆದರೆ ಎಲ್ಲಿ ತೋಡಬೇಕು ಅನ್ನುವುದು ಆಗಿನ್ನೂ ಗೊತ್ತಾಗಿರಲಿಲ್ಲ.

ಗುಡ್ಡದ ನೆತ್ತಿಯ ಹತ್ತಿರ ಒಂದು ಕಡೆ ಸೂಜಿ ಹುಚ್ಚು ಹಿಡಿದಂತೆ ಆಡುತ್ತಿತ್ತು. ನಾನು ಗೆರೆ ಎಳೆದಾಗ ಆ ಜಾಗದಲ್ಲಿ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಾಗದ ಕಪ್ಪಾಯಿತು. ಮೇಷ್ಟ್ರು ಅದನ್ನು ತುಂಬಾ ಹೊತ್ತು ನೋಡುತ್ತಾ ಕೂತರು.

"ಕೆಳಗೆ ಆಳದಲ್ಲಿ ದೊಡ್ಡ ಅದಿರು ಇದ್ದರೆ ಸೂಜಿ ನಿಧಾನವಾಗಿ ಬಾಗಬೇಕು, ದೂರದಿಂದಲೇ. ಇದು ಎರಡೆರಡು ಹೆಜ್ಜೆಗೂ ತಿರುಗುತ್ತೆ. ನನಗೆ ಇದು ಹಿಡಿಸಿಲ್ಲ ಅಮ್ಮಣ್ಣಿ. ಮೇಲಿನ ಕಲ್ಲು ಒಡೆದು ತಂದು ಅಳೀಬೇಕು."

ಅಷ್ಟರಲ್ಲಿ ಸಾಹುಕಾರರು ಕಾರಿನಲ್ಲಿ ಬಂದರು. ದಪ್ಪ ಆಳು, ಮಾತು ಮಾತ್ರ ಮೃದು. ಜಗಲಿಯ ಮೇಲೆ ನಕ್ಷೆ ಹರಡಿಸಿ ನಿಂತರು. ನಾನು ಬಾಗಿಲ ಹಿಂದೆ.

"ಎಲ್ಲಿ ತೋಡ್ಲಿ, ಬೆರಳಿಟ್ಟು ತೋರಿಸಿ."

"ಇನ್ನೊಂದು ತಿಂಗಳು ಬೇಕಾಗುತ್ತೆ ಸ್ವಾಮಿ."

"ತಿಂಗಳು ತಿಂಗಳು ಅಂತ ಆರು ತಿಂಗಳಾಯ್ತು. ಈ ಕಪ್ಪಗಾಗಿರೋದು ಏನು?"

"ಅಲ್ಲಿ ಸೂಜಿ ಜೋರಾಗಿ ಆಡ್ತಿದೆ. ಯಾಕೆ ಅಂತ ಇನ್ನೂ..."

"ನೋಡಿ ಮೇಷ್ಟ್ರೇ, ಬೆಂಗಳೂರಿಂದ ಒಬ್ಬರನ್ನ ಕರೆಸಿ ಕೇಳು ಅಂತ ಎಲ್ಲರೂ ಹೇಳಿದ್ರು. ನಾನು ಕರೆಸಲಿಲ್ಲ. ನಿಮ್ಮಷ್ಟು ತಿಳಿದೋರು ಇನ್ನೊಬ್ಬರಿಲ್ಲ ಅಂತ ನಾನು ನಂಬಿದ್ದೀನಿ. ನೀವು ಎಲ್ಲಿ ಅಂತೀರೋ ಅಲ್ಲೇ ತೋಡ್ತೀನಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ ಬಗ್ಗಿ, ನಾನು ಗೆರೆ ಎಳೆದು ಕಪ್ಪಾಗಿಸಿದ್ದ ಆ ಜಾಗದ ಮೇಲೆ ಬೆರಳಿಟ್ಟರು. ಸಾಹುಕಾರರು ಹೋದ ಮೇಲೆ ನನ್ನನ್ನು ಕರೆದು ಅಲ್ಲಿ ಕೆಂಪು ಮಸಿಯಲ್ಲಿ ಗುರುತು ಹಾಕು ಅಂದರು. ಹಾಕಿದೆ. ಅವತ್ತು ಅವರು ಖುಷಿಯಾಗಿದ್ದರು. ಅದನ್ನು ಮುಚ್ಚಿಡಬಾರದು. ಅವ್ವನಿಗೆ ಪೇಟೆಯಿಂದ ಬಾಳೆಹಣ್ಣು ತಂದುಕೊಟ್ಟರು. ಹನ್ನೆರಡು ವರ್ಷ ಇನ್ನೊಬ್ಬರ ಪಾಠಕ್ಕೆ ಸಾಮಾನು ಜೋಡಿಸಿದವರನ್ನು ಅವತ್ತು ಒಬ್ಬರು ನಿಮ್ಮ ಮಾತೇ ಕೊನೆ ಅಂದಿದ್ದರು.

ಗುಂಡಿ ಶುರುವಾಯಿತು. ಅಣ್ಣ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದ. ಹತ್ತಡಿ ಆಯಿತು, ಇಪ್ಪತ್ತಾಯಿತು. ಅಲ್ಲಲ್ಲಿ ಕಪ್ಪು ಗೆರೆಯ ಕಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ಮೇಲೆ ಪುಡಿಪುಡಿ ಕಲ್ಲು, ಅದರಡಿ ಸಡಿಲ ಮಣ್ಣು. ಮೂವತ್ತಡಿಗೆ ಬಂದಾಗ ಮುಂಗಾರಿನ ಮೋಡ ಕಟ್ಟುತ್ತಿತ್ತು. ಸಾಹುಕಾರರು ಮಳೆಗೆ ಮುಂಚೆ ಇನ್ನಷ್ಟು ಇಳಿಯಿರಿ ಅಂತ ಹೇಳಿ ಕಳಿಸಿದರು.

ಅದೊಂದು ಬುಧವಾರ. ಅಣ್ಣ, ಮೇಷ್ಟ್ರು ಒಟ್ಟಿಗೆ ಉಂಡರು. ಅಣ್ಣ ನಗುನಗುತ್ತಾ ಹೇಳಿದ.

"ಇವತ್ತು ಕುರಿ ಕಾಯೋ ತಾತ ಒಬ್ರು ಬಂದಿದ್ರು ಕಣವ್ವ. ಗುಂಡಿ ಬಗ್ಗಿ ನೋಡ್ತಾರೆ, ನಗ್ತಾರೆ. 'ಎರ್ಡ್ ವರ್ಸದ ಇಂದೆ ಇದೇ ಜಾಗಕ್ಕೆ ಸಿಡ್ಲು ಒಡ್ದು ನನ್ ಮೂರು ಕುರಿ ಸುಟ್ಟೋದ್ವು. ನೀವ್ಯಾಕ್ಲಾ ಅದೇ ಜಾಗ ಉಡಿಕ್ಕಂಡು ತೋಡ್ತಿದ್ದೀರಿ, ಕುರಿ ಮೂಳೆ ಬೇಕಾಗಿತ್ತಾ' ಅಂದ್ರು."

ಅವ್ವ ನಕ್ಕಳು. ಮೇಷ್ಟ್ರ ಕೈ ಮುದ್ದೆಯ ಮೇಲೆ ನಿಂತಿತು.

"ಏನಪ್ಪಾ ಅಂದೆ? ಇನ್ನೊಂದ್ಸಲ ಹೇಳು."

ಅಣ್ಣ ಇನ್ನೊಂದು ಸಲ ಹೇಳಿದ. ಮೇಷ್ಟ್ರು ಊಟ ಮುಗಿಸದೆ ಎದ್ದು ಕೈತೊಳೆದರು.

ಮಾರನೆಯ ದಿನ ಬೆಳಕು ಹರಿಯುವಾಗಲೇ ಗುಡ್ಡಕ್ಕೆ ಹೋಗಿ, ನೆತ್ತಿಯ ಮೇಲಿನ ಕಲ್ಲಿನಿಂದ ಎಂಟು ಚೂರು, ಗುಂಡಿಯ ಹತ್ತಡಿ, ಇಪ್ಪತ್ತಡಿ, ಮೂವತ್ತಡಿಯಿಂದ ಎಂಟು ಚೂರು ತಂದರು. ಪ್ರತಿಯೊಂದಕ್ಕೂ ಉತ್ತರ ಯಾವ ಕಡೆ ಅಂತ ಸುಣ್ಣದಲ್ಲಿ ಬಾಣ ಬರೆದಿದ್ದರು. ಕಿಟಕಿಗೆ ಕಂಬಳಿ ಕಟ್ಟಿದೆವು. ಮೇಲಿನ ಮೊದಲ ಕಲ್ಲನ್ನು ಹತ್ತಿರ ತಂದ ಕೂಡಲೇ ಬೆಳಕಿನ ಬೊಟ್ಟು ಕಾಗದ ದಾಟಿ, ಗೋಡೆ ದಾಟಿ, ಬಾಗಿಲ ಚೌಕಟ್ಟಿನ ಮೇಲೆ ಹೋಯಿತು. ಎರಡನೆಯದು ಅಷ್ಟೇ ಜೋರಾಗಿ ಎದುರು ದಿಕ್ಕಿಗೆ ಓಡಿತು. ಎಂಟು ಕಲ್ಲು ಎಂಟು ದಿಕ್ಕು. ಹತ್ತಡಿ ಕೆಳಗಿನದಕ್ಕೆ ಮೂರು ಗೆರೆ. ಇಪ್ಪತ್ತಡಿಯದಕ್ಕೆ ಎರಡು. ಮೂವತ್ತಡಿಯ ಕಲ್ಲಿಗೆ ಬೊಟ್ಟು ಕದಲಲೇ ಇಲ್ಲ.

ನನಗೆ ಅರ್ಥವಾಗಿತ್ತು, ಆದರೂ ಕೇಳಿದೆ. "ಏನು ಮೇಷ್ಟ್ರೇ ಇದು?"

"ಸಿಡಿಲು" ಅಂದರು. "ಸಿಡಿಲು ಬಡಿದಾಗ ಅದರ ವಿದ್ಯುತ್ತು ಹರಿದ ಕಲ್ಲೆಲ್ಲ ಕಾಂತ ಆಗಿಬಿಟ್ಟಿದೆ. ಮೇಲಿನ ಕಲ್ಲು ಮಾತ್ರ. ಸೂಜಿ ಆಡಿದ್ದು ಅದಕ್ಕೆ. ಕೆಳಗೆ ಏನೂ ಇಲ್ಲ ಅಮ್ಮಣ್ಣಿ. ಎಷ್ಟು ಇಳಿದರೂ ಏನೂ ಇಲ್ಲ."

ಬುಡ್ಡಿಯ ಬೆಳಕಿನಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಅವರು ನನ್ನನ್ನು ಕೇಳಿದರು. ಅಲ್ಲಿಯವರೆಗೆ ಒಬ್ಬರೂ ನನ್ನನ್ನು ಹಾಗೆ ಕೇಳಿರಲಿಲ್ಲ.

"ನಿನಗೆ ಏನನ್ನಿಸುತ್ತೆ? ಒಂದು ಸಲ ಅವಸರಪಟ್ಟು ತಪ್ಪು ಮಾಡಿದೆ. ಈಗಲೇ ಹೋಗಿ ನಿಲ್ಲಿಸಿ ಅನ್ನಲಾ? ಇಲ್ಲ, ಇನ್ನೊಂದ್ಸಲ ಅಳೆದು ಹೇಳಲಾ?"

ನಾನು ಹೇಳಿದೆ: "ಇನ್ನೊಂದ್ಸಲ ಅಳೆಯೋಣ ಮೇಷ್ಟ್ರೇ."

ಅವರು ಕಲಿಸಿದ್ದನ್ನೇ ಹೇಳಿದೆ. ಅವರು ಮೆಚ್ಚಲಿ ಅಂತಲೂ ಹೇಳಿದೆ. ಅವರು ತಲೆಯಾಡಿಸಿದರು. ಸಾಹುಕಾರರಿಗೆ ತಿಳಿಸುವವರೆಗೆ ಅಣ್ಣನಿಗೆ ಏನೂ ಹೇಳಬೇಡ, ಆಳುಗಳಲ್ಲಿ ಮಾತು ಹಬ್ಬುತ್ತದೆ ಅಂದರು. ಹೇಳಲ್ಲ ಅಂದೆ. ಶುಕ್ರವಾರ ಅವರು ಇನ್ನಷ್ಟು ಕಲ್ಲು ತಂದರು. ಮಧ್ಯಾಹ್ನದಿಂದ ಸಂಜೆಯವರೆಗೆ ಅಳೆದೆವು. ಅದೇ ಅಂಕಿ. ಶನಿವಾರ ಬೆಳಿಗ್ಗೆಯ ರೈಲಿಗೆ ಹಾಸನಕ್ಕೆ ಹೋಗಿ ಸಾಹುಕಾರರಿಗೆ ಹೇಳುವುದು ಅಂತ ಆಯಿತು. ಆ ರಾತ್ರಿ ಮಳೆ ಬಂತು. ಮೊದಲ ಮಳೆ, ಎಲ್ಲರಿಗೂ ಸಂತೋಷ. ಅಪ್ಪ ಜಗಲಿಗೆ ಬಂದು ಕೈಚಾಚಿ ನಿಂತಿದ್ದ.

ಬೆಳಿಗ್ಗೆ ಅಣ್ಣ ಬುತ್ತಿ ಕಟ್ಟಿಕೊಳ್ಳುವಾಗ ನಾನು ಅಂದೆ, "ಅಣ್ಣ, ಇವತ್ತು ಓಗ್ಬೇಡ ಕಣೋ."

"ಯಾಕೆ?"

ನನ್ನ ಹತ್ತಿರ ಉತ್ತರ ಇತ್ತು. ಆದರೆ ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ. "ಮಳೆ ಬಂದದೆ" ಅಂದೆ.

"ಮಳೆ ಬಂದದೆ ಅಂತ್ಲೇ ಓಗ್ಬೇಕು ಕಣೆ. ಗುಂಡೀಲಿ ನೀರು ನಿಂತಿದ್ರೆ ಮೇಸ್ತ್ರಿ ತಾನೇ ಮೊದ್ಲು ಇಳ್ದು ನೋಡ್ಬೇಕು" ಅಂದು ಹೋದ. ಬೀದಿಯ ತಿರುವಿನಲ್ಲಿ ಕೊಚ್ಚೆ ದಾಟಲು ಪಂಚೆ ಎತ್ತಿ ಕಟ್ಟಿಕೊಂಡ. ಅಷ್ಟೇ ನಾನು ನೋಡಿದ್ದು.

ಮೇಷ್ಟ್ರು ಸ್ಟೇಷನ್ನಿನಲ್ಲಿ ಟಿಕೆಟ್ಟಿಗೆ ನಿಂತಿದ್ದಾಗ ಗುಡ್ಡದ ಕಡೆಯಿಂದ ಒಬ್ಬ ಆಳು ಓಡಿಬಂದನಂತೆ. ಅಣ್ಣ ಒಬ್ಬನೇ ಇಳಿದಿದ್ದ. ಆಳುಗಳನ್ನು ಮೇಲೇ ನಿಲ್ಲಿಸಿ, "ನಾನ್ ಕರ್ದ್ ಮ್ಯಾಲೆ ಬನ್ರಿ" ಅಂದಿದ್ದ. ಸಡಿಲ ಮಣ್ಣಿನ ಒಂದು ಮಗ್ಗುಲು ಪೂರ್ತಿ ಅವನ ಮೇಲೆ ಕೂತುಬಿಟ್ಟಿತು. ಹೊರಗೆ ತೆಗೆಯುವಾಗ ಮಧ್ಯಾಹ್ನ ತಿರುಗಿತ್ತು. ನಮ್ಮದೇ ಗಾಡಿಯಲ್ಲಿ ತಂದರು. ಮೇಷ್ಟ್ರು ಗಾಡಿಯ ಹಿಂದೆ ನಡೆದು ಬಂದರು. ಅವರ ಎರಡು ಕೈಯ ಉಗುರೂ ಕಿತ್ತುಹೋಗಿದ್ದವು. ಗುದ್ದಲಿ ಸಾಲದೆ ಕೈಯಲ್ಲೇ ಬಗೆದರಂತೆ.

ಹನ್ನೊಂದು ದಿನ ಅವರು ಹೊರಕೋಣೆಯಿಂದ ಹೆಚ್ಚು ಹೊರಗೆ ಬರಲಿಲ್ಲ. ಅಕ್ಕಪಕ್ಕದವರು ಕೊಟ್ಟಿದ್ದನ್ನು ತಿಂದರೋ ಇಲ್ಲವೋ ನನಗೆ ಗೊತ್ತಿಲ್ಲ. ನಡುವೆ ಒಂದು ದಿನ ಸಾಹುಕಾರರು ಬಂದು ಅಪ್ಪನ ಕೈಹಿಡಿದು ಅತ್ತರು. ಹೋಗುವಾಗ ಕೋಣೆಯ ಬಾಗಿಲಲ್ಲಿ ನಿಂತು ಮೇಷ್ಟ್ರಿಗೆ, "ಮಳೆ. ಮಳೆಯಿಂದ ಆದದ್ದು. ಬೇರೆ ಮಾತು ಬೇಡ. ನೀವು ಇನ್ನೊಂದು ಜಾಗ ನೋಡಿ" ಅಂದದ್ದು ನನಗೆ ಕೇಳಿಸಿತು.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಅವರು ನಡುಮನೆಗೆ ಬಂದು ಅಪ್ಪನ ಮುಂದೆ ನೆಲದ ಮೇಲೆ ಕೂತರು. ಅವ್ವ ಕಂಬಕ್ಕೆ ಒರಗಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅವರು ಒಂದನ್ನೂ ಬಿಡದೆ ಹೇಳಿದರು. ತಿಳಿಯದೆ ಬೆರಳಿಟ್ಟದ್ದು, ಸಿಡಿಲಿನ ವಿಚಾರ, ಗುರುವಾರವೇ ಗೊತ್ತಾದದ್ದು, ಆದರೂ ಇನ್ನೊಂದು ಸಲ ಅಳೆಯಲು ಕೂತದ್ದು.

"ಗುರುವಾರ ಸಂಜೆಯೇ ನಾನು ಹೋಗಿ ಹೇಳಿದ್ದರೆ ಶನಿವಾರ ಗುಂಡಿಗೆ ಯಾರೂ ಇಳೀತಿರಲಿಲ್ಲ ಗೌಡರೇ."

ಅಪ್ಪ ದನಿ ಏರಿಸದೆ ಕೇಳಿದ.

"ಮಳೆ ಅನ್ಕಂಡು ಎಂಗೋ ಇದ್ದೆ ಮೇಷ್ಟ್ರೇ. ಮಳೇನ ಯಾರ್ ಏನ್ ಮಾಡಕಾಯ್ತದೆ. ಇದನ್ನ ನಂಗ್ಯಾಕ್ ಏಳುದ್ರಿ?"

ಮೇಷ್ಟ್ರು ತಲೆ ತಗ್ಗಿಸಿದರು.

ಅವ್ವ ಎದ್ದು ನಿಂತು ನನ್ನ ಕಡೆ ತಿರುಗಿದಳು. "ನೀನೂ ಅಲ್ಲೇ ಕೂತಿದ್ದಲ್ಲೇ. ದಿನಾ ಅಲ್ಲೇ ಕೂತಿದ್ದೆ. ನಿಂಗೂ ಗೊತ್ತಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು.

"ಇಲ್ಲಮ್ಮ. ಮಗುವಿಗೆ ಅಂಕಿ ಬರೆಯೋದು ಅಷ್ಟೇ ಗೊತ್ತು. ಅದರ ಅರ್ಥ ನಾನು ಹೇಳಿಕೊಟ್ಟಿಲ್ಲ. ಅಳೆದವನು ನಾನೊಬ್ಬನೇ, ತಡ ಮಾಡಿದವನೂ ನಾನೊಬ್ಬನೇ."

ನಾನು ಸುಮ್ಮನಿದ್ದೆ.

ಅವ್ವ ಹೊರಕೋಣೆಗೆ ಹೋಗಿ ಭರಣಿಯನ್ನು ಎತ್ತಿ ಅಂಗಳದಲ್ಲಿ ಒಗೆದಳು. ಕಲ್ಲಿನ ಚೂರುಗಳನ್ನು ಮಡಿಲಲ್ಲಿ ತಂದು ತಿಪ್ಪೆಗೆ ಸುರಿದಳು. ಸತ್ತ ಮಗನ ಹೆಸರು ಹಿಡಿದು ಅವಳು ಕೂಗುತ್ತಿದ್ದರೆ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಮೇಷ್ಟ್ರು ಆ ಸಂಜೆಯೇ ಒಂದು ಚೀಲ ಹಿಡಿದು ಹೊರಟರು. ಹಿತ್ತಾಳೆ ಪೆಟ್ಟಿಗೆಯನ್ನೂ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ನೋಡಲಿಲ್ಲ.

ಎರಡು ತಿಂಗಳ ಮೇಲೆ ಟ್ರೈನಿಂಗಿಗೆ ಆಯ್ಕೆಯಾಗಿದೆ ಅಂತ ಕಾಗದ ಬಂತು. ಅದು ಯಾರು ತುಂಬಿದ ಅರ್ಜಿ ಅನ್ನುವುದನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಗಾಡಿ ಕಟ್ಟುವವನಿರಲಿಲ್ಲ. ಅಪ್ಪನೇ ನನ್ನನ್ನು ಸ್ಟೇಷನ್ನಿಗೆ ಬಿಟ್ಟ. ಹಾಸನದಲ್ಲಿ ಓದಿ, ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟರಮ್ಮ ಆದೆ. ರಜೆಗೆ ಮನೆಗೆ ಹೋದಾಗಲೆಲ್ಲ ಅವ್ವ ಒಲೆಯ ಮುಂದೆ ಕೂತು ಅವರನ್ನು ಶಪಿಸುತ್ತಿದ್ದಳು. "ಆ ಸೂಜಿಯೋನು" ಅಂತಲೇ ಕರೆಯುವಳು. ಅವನ ಕೈಗೆ ಹುಳ ಬೀಳಲಿ, ಅವನಿಗೆ ನೀರು ಬಿಡುವವರಿಲ್ಲದಂತಾಗಲಿ. ನಾನು ಅಲ್ಲೇ ಕೂತು ಅವಳು ಕೊಟ್ಟದ್ದನ್ನು ಉಣ್ಣುತ್ತಿದ್ದೆ.

ಯುದ್ಧ ಮುಗಿದ ವರ್ಷ ಅಪ್ಪನೂ ತೀರಿಹೋದ. ಅದಾಗಿ ಎರಡು ವರ್ಷಕ್ಕೆ ಒಂದು ದಿನ ಶಾಲೆಗೆ ಕಾರ್ಡು ಬಂತು. ಅರಕಲಗೂಡಿನಿಂದ ಅವರ ಅಕ್ಕ ಯಾರ ಕೈಲೋ ಬರೆಸಿದ್ದರು. ತಮ್ಮ ಹಾಸನದ ಆಸ್ಪತ್ರೆಯಲ್ಲಿದ್ದಾನೆ, ನೋಡುವ ಮನಸ್ಸಿದ್ದರೆ ಬೇಗ ಬನ್ನಿ. ಮರುದಿನ ಬೆಳಗಿನ ಬಸ್ಸಿಗೆ ಹೋದೆ.

ಕ್ಷಯದವರನ್ನು ಇಡುವ ಉದ್ದನೆಯ ಕೋಣೆ. ಕಿಟಕಿಯ ಪಕ್ಕದ ಕಬ್ಬಿಣದ ಮಂಚದ ಮೇಲೆ ಮಲಗಿದ್ದರು. ನಾನು ಗುರುತಿಸಲಿಲ್ಲ, ಅವರೇ ನನ್ನ ನಡಿಗೆಯಿಂದ ಗುರುತಿಸಿ ಕೈ ಎತ್ತಿದರು. ಇಷ್ಟು ವರ್ಷ ಅಕ್ಕನ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟುಕೊಂಡು ಇದ್ದರಂತೆ. ಸೂಜಿಯನ್ನು ಮತ್ತೆ ಮುಟ್ಟಲಿಲ್ಲವಂತೆ.

"ಏನು ಪಾಠ ಮಾಡ್ತೀಯಾ?"

"ಲೆಕ್ಕ, ಭೂಗೋಳ. ಸ್ವಲ್ಪ ವಿಜ್ಞಾನ."

"ಕಾಂತದ ಪಾಠ ಬರುತ್ತಾ?"

"ಎರಡು ಪುಟ ಇದೆ. ಮಾಡಲ್ಲ ಮೇಷ್ಟ್ರೇ. ಮಕ್ಕಳಿಗೆ ಮನೇಲಿ ಓದ್ಕೊಳ್ಳಿ ಅಂತೀನಿ."

ಅವರು ಕಣ್ಣುಮುಚ್ಚಿದರು. ಕೆಮ್ಮು ಬಂದು ಹೋಗುವವರೆಗೆ ನಾನು ಕಾದೆ. ಆಮೇಲೆ ಬಸ್ಸಿನ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ.

"ನಾನು ಅವ್ವನಿಗೆ ಹೇಳ್ತೀನಿ. ಇನ್ನೊಂದ್ಸಲ ಅಂದೋಳು ನಾನು. ನೀವು ನನ್ನ ಕೇಳಿದ್ರಿ, ನಾನು ಅಳೆಯೋಣ ಅಂದೆ. ಇವತ್ತೇ ಊರಿಗೆ ಹೋಗಿ ಹೇಳಿಬಿಡ್ತೀನಿ."

ಅವರು ಕಣ್ಣು ತೆರೆದರು. ಆ ಒಣಗಿದ ಮುಖದಲ್ಲಿ ಗಾಬರಿಯಾದದ್ದು ಕಂಡಿತು.

"ಬೇಡ, ಬೇಡಮ್ಮಣ್ಣಿ. ನಿಮ್ಮ ತಾಯಿಗೆ ಬೈಯೋಕೆ ಒಬ್ಬರು ಬೇಕು. ನಾನಿದ್ದೀನಿ. ಮಗಳನ್ನ ಬೈಯೋ ಹಾಗಾದ್ರೆ ಅವರಿಗೆ ಆಮೇಲೆ ಯಾರಿದ್ದಾರೆ?"

"ನೀವು ಹೋದ ಮೇಲೆ?"

"ಹೋದ ಮೇಲೂ ಬೈಯಲಿ. ನನಗೇನು ಕೇಳಿಸುತ್ತಾ?" ಅಂದು ನಗಲು ನೋಡಿದರು. ಆಗಲಿಲ್ಲ. ಗೋಡೆಯ ಕಡೆ ತಿರುಗಿ, "ಸಾಹುಕಾರರು ಕೇಳಿದಾಗ ಗೊತ್ತಿಲ್ಲ ಅನ್ನಬೇಕಿತ್ತು. ಅಷ್ಟು ಸಣ್ಣ ಮಾತು. ಬಾಯಿಗೆ ಬರಲಿಲ್ಲ" ಅಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ನಾನು ತಂದಿದ್ದ ಕಿತ್ತಳೆ ಹಣ್ಣನ್ನು ಪಕ್ಕದ ಮಂಚದವರಿಗೆ ಕೊಟ್ಟು ಬಂದೆ.

ಹತ್ತು ದಿನಕ್ಕೆ ಇನ್ನೊಂದು ಕಾರ್ಡು. ಅದು ಬಂದಾಗ ದಸರಾ ರಜೆ, ನಾನು ಊರಿನಲ್ಲಿದ್ದೆ. ಶಾಲೆಯ ಜವಾನ ವಿಳಾಸ ತಿದ್ದಿ ಮನೆಗೆ ಕಳಿಸಿದ್ದ. ಅಂಚೆಯವನು ಜಗಲಿಯ ಮೇಲೆ ಇಟ್ಟುಹೋದ. ಅವ್ವ ನಡುಮನೆಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು.

"ಯಾರ್ದೇ ಅದು?"

ನಾನು ಹೇಳಿದೆ.

ಮೊರ ನಿಂತಿತು. "ಸತ್ನಾ?"

"ಊಂ ಕಣವ್ವ."

ಅವಳು ಎದ್ದು ಹಿತ್ತಲಿಗೆ ಹೋಗಿ, ಕೈಕಾಲು ತೊಳೆದುಕೊಂಡು ಬಂದು, ಮತ್ತೆ ಮೊರದ ಮುಂದೆ ಕೂತಳು. ಮುಖದಲ್ಲಿ ಸಮಾಧಾನವಿರಲಿಲ್ಲ. ಆರು ವರ್ಷ ದಿನಾ ಕೈಗೆ ಸಿಗುತ್ತಿದ್ದ ಏನನ್ನೋ ಕಳೆದುಕೊಂಡವಳಂತೆ ಅತ್ತ ಇತ್ತ ನೋಡಿದಳು. ಆಮೇಲೆ ಅಂದಳು, "ನನ್ ಮಗನ್ನ ಮಣ್ಗಾಕ್ದೋನು. ಅವನ್ಗೆ ನರಕದಲ್ಲೂ ಜಾಗ ಸಿಗದಂಗಾಗ್ಲಿ. ಅಲ್ವೇನೇ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳುವ ಮಾತು ನಾಲಿಗೆಯವರೆಗೆ ಬಂದಿತ್ತು. ಅವ್ವನಿಗೆ ಆಗ ಕೂದಲೆಲ್ಲ ಬೆಳ್ಳಗಾಗಿತ್ತು. ಮನೆಯಲ್ಲಿ ನಾವಿಬ್ಬರೇ.

"ಊಂ" ಅಂದೆ.

ಅವಳು ರಾಗಿ ಕೇರತೊಡಗಿದಳು. ನಾನು ಕಾರ್ಡನ್ನು ಒಲೆಗೆ ಹಾಕಿದೆ.